ಮಹಿಷನಿಗೆ ಮುಖವಿರಲಿಲ್ಲ

"ಅಂಗಡಿ ಮುಚ್ಚಿದೆ."

ಬಾಗಿಲು ಹಾರುಹೊಡೆದಿತ್ತು, ಒಳಗೆ ಗಾಜು ಕತ್ತರಿಸುವ ಕೆಲಸವೂ ನಡೆದಿತ್ತು. ಆದರೂ ಅವಳನ್ನು ಕಂಡು ಅವನಾಡಿದ ಮೊದಲ ಮಾತು ಅದೇ.

ನಾಲ್ಕು ವರ್ಷದ ಮೇಲೆ ಕಂಡ ಮುಖ. ಒಂದು ಕಾಲಕ್ಕೆ ಅವಳನ್ನು ಮದುವೆಯಾಗಬೇಕಿದ್ದವನು.

"ಫೋಟೋಗೆ ಕಟ್ಟು ಹಾಕಿಸೋಕೆ ಬಂದಿಲ್ಲ. ಐದು ನಿಮಿಷ ಮಾತಾಡ್ಬೇಕು."

"ಭೂತಗನ್ನಡಿ ತಂದಿದ್ದೀಯಾ?"

ಹಳೆಯ ಹಸ್ತಪ್ರತಿಗಳನ್ನು ದುರಸ್ತಿ ಮಾಡುವ ಕಚೇರಿಯಲ್ಲಿ ಆಗ ಇಬ್ಬರೂ ಅಕ್ಕಪಕ್ಕದ ಮೇಜಿನವರಾಗಿದ್ದರು. ಅವಳಿಗೆ 'ಭೂತಗನ್ನಡಿ' ಎಂದು ಹೆಸರಿಟ್ಟವನೇ ಅವನು. ಇರುವೆ ಕಾಲಿನಷ್ಟು ಬಿರುಕನ್ನೂ ಅವಳು ಬಿಡುತ್ತಿರಲಿಲ್ಲ. ಪಕ್ಕದಲ್ಲಿ ಕೂತವನ ವಿಷಯದಲ್ಲಿ ಮಾತ್ರ ಮಹಾರಾಯ್ತಿಗೆ ಕಣ್ಣಿದ್ದೂ ಕಾಣಲಿಲ್ಲ.

ಆಗಿದ್ದಿಷ್ಟು. ದೇವಿಯ ಕಥೆಯ ಹಳೆಯ ಪುಸ್ತಕವೊಂದು ದುರಸ್ತಿಗೆ ಬಂದಿತ್ತು. ಅದರಲ್ಲೊಂದು ಚಿತ್ರ. ಸಿಂಹದ ಮೇಲೆ ಹತ್ತು ಕೈಯ ದೇವಿ, ಕೋಣದ ಕತ್ತಿನಿಂದ ಅರ್ಧ ಹೊರಬಂದ ಮಹಿಷಾಸುರ, ಅವನೆದೆಗೆ ನೆಟ್ಟ ತ್ರಿಶೂಲ. ಅವಳು ಊಟ ಮುಗಿಸಿ ಬಂದಾಗ ಅವನ ಕೈಯಲ್ಲಿ ಒದ್ದೆ ಹತ್ತಿಯಿತ್ತು. ಹತ್ತಿಯಲ್ಲಿ ಕೆಂಪು. ಮಹಿಷನ ಮುಖವಿರಬೇಕಾದ ಕಡೆ ಬರೀ ಕಾಗದ.

"ನಾನು ಒರೆಸಿದ್ದು ಅಂಚನ್ನ. ಕೆಂಪು ಅಲ್ಲಿಂದ ಬಂದಿದ್ದು," ಎಂದಿದ್ದ ಅವನು. "ಮುಖ ಮೊದ್ಲೇ ಇರ್ಲಿಲ್ಲ. ಓದಿದವರೇ ರಾಕ್ಷಸನ ಮೇಲಿನ ಸಿಟ್ಟಿಗೆ ಬೆರಳಲ್ಲಿ ಉಜ್ಜಿ ಉಜ್ಜಿ ಅಳಿಸಿದ್ದಾರೆ."

ಮುಟ್ಟುವ ಮೊದಲು ಫೋಟೋ ತೆಗೆಯಬೇಕೆಂಬುದು ಅಲ್ಲಿನ ನಿಯಮ. ಅವಸರದಲ್ಲಿ ಅವನು ತೆಗೆದಿರಲಿಲ್ಲ. ಅವಳಿಗೆ ಅಷ್ಟೇ ಸಾಕಾಯಿತು. ಅಂದು ಸಂಜೆಯೇ ಕೈಯಾರೆ ವರದಿ ಬರೆದುಕೊಟ್ಟಳು. ಅವನ ಕೆಲಸ ಹೋಯಿತು, ಮದುವೆಯ ಮಾತೂ ಅಲ್ಲಿಗೇ ನಿಂತಿತು.

"ಆ ಚಿತ್ರದ ಎದುರಿನ ಹಾಳೆಗೆ ಹಳೇ ಕಾಲದಲ್ಲೇ ಯಾರೋ ತೆಳು ಕಾಗದ ಅಂಟಿಸಿದ್ರಲ್ಲ..." ಅವಳು ಒಂದು ಹೆಜ್ಜೆ ಒಳಗಿಟ್ಟಳು. "ಮೊನ್ನೆ ಅದನ್ನ ಬಿಡಿಸಿದೆ. ಯಾವ ಕಾಲದಲ್ಲೋ ಪುಸ್ತಕ ಒದ್ದೆಯಾಗಿ, ಚಿತ್ರದ ಬಣ್ಣ ಆ ಹಾಳೆಗೆ ಇಳಿದಿದೆ. ಸಿಂಹ ಇದೆ, ತ್ರಿಶೂಲ ಇದೆ, ದೇವಿಯ ಹತ್ತು ಕೈಯೂ ಇದೆ. ಮಹಿಷನ ಮುಖದ ಜಾಗ ಮಾತ್ರ ಖಾಲಿ. ನಾವು ಹುಟ್ಟೋಕೆ ಮುಂಚೆನೇ ಆ ಮುಖ ಹೋಗಿತ್ತು."

ಅವನು ಗಾಜು ಕತ್ತರಿಸುವುದನ್ನು ನಿಲ್ಲಿಸಿದ.

"ನಾನೂ ಅದನ್ನೇ ಹೇಳಿದ್ದೆ ಅಲ್ವಾ?"

"ಹೌದು."

"ನಾನು ಹೇಳಿದ್ರೆ ಸಾಲ್ಲಿಲ್ಲ. ಹಾಳೆ ಹೇಳಿದ್ಮೇಲೆ ನಂಬಿಕೆ ಬಂತು."

'ಬೈದುಬಿಡಬಾರದೇ, ಕೂಗಾಡಿಬಿಡಬಾರದೇ...' ಎಂದು ಅವಳ ಮನಸ್ಸು ಬೇಡಿಕೊಂಡಿತು. ಅವನು ಕೂಗಲಿಲ್ಲ.

"ಅಮ್ಮ ಹೋಗಿ ಎರಡು ವರ್ಷ ಆಯ್ತು," ಎಂದ. "ಕೊನೇವರೆಗೂ ಕೇಳ್ತಿದ್ಲು, ಆ ಹುಡುಗಿ ಯಾಕೆ ಈ ಕಡೆ ಬರ್ತಿಲ್ಲ ಅಂತ. ಕೈತುಂಬಾ ಕೆಲಸ ಅಮ್ಮಾ ಅಂತಿದ್ದೆ. ನೀನು ನನ್ನ ನಂಬಲಿಲ್ಲ ಅಂತ ಹೇಳೋಕೆ ಬಾಯಿ ಬರ್ಲಿಲ್ಲ."

ಅವಳು ಗೋಡೆಗೆ ಒರಗಿ ನಿಂತಳು. ಕಣ್ಣೀರು ತಡೆಯಲಾಗಲಿಲ್ಲ. ಆ ಅಮ್ಮ ಅವಳನ್ನು ಸೊಸೆ ಎಂದು ಒಮ್ಮೆಯೂ ಕರೆದಿರಲಿಲ್ಲ, ಮಗಳೇ ಎಂದೇ ಕರೆಯುತ್ತಿದ್ದಳು.

"ಇವತ್ತು ಬೆಳಿಗ್ಗೆ ಹೊಸ ವರದಿ ಕೊಟ್ಟೆ," ಎಂದಳು. "ತಪ್ಪು ನಂದು ಅಂತ ಸಹಿ ಹಾಕಿದ್ದೀನಿ. ಇನ್ಮೇಲೆ ಹಸ್ತಪ್ರತಿ ಮುಟ್ಬೇಡ ಅಂದ್ರು ಆಫೀಸಿನ ಮೇಡಂ. ನಿನ್ನನ್ನ ವಾಪಸ್ ಕರೀತಾರೆ, ಪತ್ರ ಬರುತ್ತೆ."

"ನಾನು ಹೋಗಲ್ಲ. ನಿನ್ನ ಕೆಲಸ ಹೋಯ್ತು ಅಂತ ಇಲ್ಲಿಗೆ ಬಂದ್ಯಾ?"

"ಅಲ್ಲ. ಮೊದ್ಲು ಇಲ್ಲಿಗೆ ಬಂದಿದ್ರೆ, ಬಿಟ್ಟಾಕು ಅಂತ ನೀನೇ ತಡೀತಿದ್ದೆ. ಅದಕ್ಕೇ ಅಲ್ಲಿಗೆ ಹೋಗಿ ಬಂದೆ."

ಆ ಮಾತು ನಿಜವೆಂದು ಅವನಿಗೂ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

"ಮತ್ತೆ ಇನ್ನೇನು ಬೇಕು ನಿಂಗೆ?"

"ಏನೂ ಬೇಡ. ಇಷ್ಟು ವರ್ಷ ಆದ್ರೂ ನೀನಂದ್ರೆ ಇಷ್ಟ. ಕೇಳೋ ಹಕ್ಕಿಲ್ಲ, ಹೇಳಿ ಹೋಗೋಣ ಅಂತ ಬಂದೆ."

ಅವಳು ಹೊಸಿಲವರೆಗೆ ಹೋದಳು. ಹಿಂದಿನಿಂದ ದನಿ ಬಂತು.

"ಈ ಗಾಜಿನ ಆ ತುದಿ ಹಿಡಿ. ಒಬ್ಬನಿಗೆ ಎತ್ತೋಕಾಗಲ್ಲ."

ಅವಳು ಬಂದು ಹಿಡಿದಳು. ಇಬ್ಬರೂ ಸೇರಿ ಗಾಜನ್ನು ಮೆಲ್ಲಗೆ ಗೋಡೆಗೆ ಒರಗಿಸಿದರು. ಅಂಚು ತಾಗಿ ಅವಳ ಬೆರಳಲ್ಲಿ ರಕ್ತ ಜಿನುಗಿತು. ಅವನು ಹತ್ತಿ ತಂದು ಒರೆಸಿದ. ಹತ್ತಿ ಕೆಂಪಾಯಿತು. ಇಬ್ಬರೂ ಅದನ್ನು ನೋಡಿದರು.

"ಕ್ಷಮಿಸಿದ್ಯಾ?" ಎಂದಳು.

"ಇಲ್ಲ."

"ನಾಳೆ?"

"ನಾಳೆನೂ ಇಲ್ಲ."

"ನಾಡಿದ್ದು ಬರ್ತೀನಿ."

ಅವನು ಬೆರಳು ಬಿಡಲಿಲ್ಲ.

"ಹತ್ತು ಗಂಟೆ ಮೇಲೆ ಬಾ," ಎಂದ. "ಅದಕ್ಕೆ ಮುಂಚೆ ನಿಜವಾಗ್ಲೂ ಮುಚ್ಚಿರುತ್ತೆ."