ದಡದಲ್ಲಿ ನಿಲ್ಲುವ ಸರದಿ

"ಲಂಡನ್ನಿಗೆ ಎಷ್ಟ್ ಹೊತ್ತ್ ಹಿಡಿತ್?"

ನಿಶ್ಚಿತಾರ್ಥದ ದಿನ ಗೊತ್ತುಮಾಡಲು ಅಪ್ಪ ಅಮ್ಮನ ಜೊತೆ ನಮ್ಮ ಮನೆಗೆ ಬಂದ ರತನ್ ನನ್ನನ್ನು ಕೇಳಿದ ಮೊದಲ ಮಾತು ಇದು. ಅವನಿಗಾಗಿಯೇ ಉಟ್ಟ ಹೊಸ ಸೀರೆಯ ಬಗ್ಗೆ ಒಂದಕ್ಷರವಿಲ್ಲ.

"ಬೆಂಗಳೂರಿಂದ ಹತ್ತೂವರೆ ಗಂಟೆ. ಎಂಟ್ ಸಾವ್ರ ಕಿಲೋಮೀಟರ್," ಎಂದೆ, ಮುಖ ಊದಿಸಿಕೊಂಡೇ.

ಅವನು ಮತ್ತೆ ಮೊಬೈಲಿಗೆ ಕಣ್ಣು ನೆಟ್ಟ. ಗಂಗೊಳ್ಳಿಯಲ್ಲಿ ಬೋಟಿನಿಂದ ಇಳಿದವನೇ, ಕೈಯ ಮೀನಿನ ವಾಸನೆ ಆರುವ ಮೊದಲು ನನಗೆ ಫೋನ್ ಮಾಡುತ್ತಿದ್ದವ ಇವನೇ. ಇವತ್ತು ನೋಡಿದರೆ ನನ್ನ ಕಣ್ಣು ತಪ್ಪಿಸುತ್ತಿದ್ದಾನೆ. ನನಗೆ ಮೈಯೆಲ್ಲ ಉರಿಯಿತು.

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನನಗೆ ಲಂಡನ್ನಿನಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತ್ತು. ರತನ್‌ನ ಅಪ್ಪ ಚಂದಯ್ಯ ಮಾವ ಚಾ ಲೋಟ ಕೆಳಗಿಟ್ಟರು.

"ಕಾಣ್ ನವ್ಯಾ, ಕೆಲ್ಸ ಬೇಕಾ, ಮದಿ ಬೇಕಾ, ಇವತ್ತೇ ಹೇಳ್. ಹೆಂಡ್ತಿ ವಿಮಾನ ಹತ್ತಿ ಹೋಪ್ದ್, ಗಂಡ ದಡದಗೆ ನಿಂತ್ ಕಾಯುದ್ ಅಂದ್ರೆ ಊರವ್ರ್ ನೆಗಾಡ್ತ್ರ್."

"ಎರಡೂ ಬೇಕ್ ಮಾವ," ಎಂದೆ.

ನನ್ನ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ನಿಲ್ಲಿಸಲಿಲ್ಲ.

"ನೀವ್ ಬೋಟ್ ಹತ್ತಿ ಹೋರೆ ಹತ್ತ್ ದಿನ ಫೋನೂ ಸಿಕ್ಕುದಿಲ್ಲೆ. ಅತ್ತೆ ಇಷ್ಟ್ ವರ್ಷ ಕಾಯ್ಲಿಲ್ಯಾ? ಆಗ ಯಾರ್ ನೆಗಾಡಿರ್?"

"ಅದ್ ಬೇರೆ."

"ಎಂತ ಬೇರೆ?"

ಮಾವ ಕೆಳಗಿಟ್ಟ ಲೋಟವನ್ನೇ ಮತ್ತೆ ಎತ್ತಿಕೊಂಡರು. ಅವರ ಪಕ್ಕ ಕೂತಿದ್ದ ರತನ್‌ನ ಅಮ್ಮ ಪ್ರಭಾವತಿ ಅತ್ತೆ ಮಾತ್ರ ಅವತ್ತು ಮೊದಲ ಸಲ ನನ್ನನ್ನು ನೆಟ್ಟಗೆ ನೋಡಿದರು.

ಆಗ ರತನ್ ಮೊಬೈಲನ್ನು ಜೇಬಿಗೆ ಹಾಕಿದ.

"ಅಪ್ಪಯ್ಯ, ಅಮ್ಮ ಕಾದದ್ದ್ ಸಾಕ್. ಇನ್ನ್ ನಾನ್ ಕಾಯ್ತೆ. ನೆಗಾಡುವರ್ ನೆಗಾಡ್ಲಿ. ಮದಿ ಆಪ್ದಾರೆ ಇವ್ಳನ್ನೇ."

"ಹಂಗಾರೆ ನಾ ನಿಶ್ಚಿತಾರ್ಥಕ್ಕೆ ಬಪ್ದಿಲ್ಲೆ," ಎಂದು ಮಾವ ಎದ್ದು ಚಪ್ಪಲಿ ಮೆಟ್ಟಿದರು. ಅತ್ತೆ ಏಳಲಿಲ್ಲ. "ಹೋಪ್ದಾರೆ ಹೋಯ್ನಿ. ನಾನ್ ದಿನ ಗೊತ್ತ್ ಮಾಡ್ಕಂಡೇ ಬತ್ತೆ," ಎಂದರು. ಅಮ್ಮ ಕ್ಯಾಲೆಂಡರ್ ತರಲು ಓಡಿದಳು.

ಹಿತ್ತಿಲಿನ ಬಾವಿಕಟ್ಟೆಯ ಹತ್ತಿರ ನಾನು ರತನ್‌ನನ್ನು ಹಿಡಿದೆ.

"ಬಾಯ್ ಬಿಡುಕೆ ಇಷ್ಟ್ ಹೊತ್ತಾ? ಅಲ್ಲಿವರೆಗೆ ಮೊಬೈಲಗೆ ಎಂತ ಕಾಂತಾ ಇದ್ದಿದ್ದೆ?"

"ನೀನ್ ವಾಪಸ್ ಬಪ್ಪ ವಿಮಾನ. ಬಪ್ಪತಿಗೆ ಗಾಳಿ ಹಿಂದಿಂದ ದೂಡತ್ ಅಂಬ್ರ್. ಹೋಪತಿಗಿಂತ ಬೇಗ ಬತ್ತೆ ನೀನ್."

ಗಾಳಿಯನ್ನೂ ತನ್ನ ಕಡೆ ಮಾಡಿಕೊಂಡವನ ಮೇಲೆ ಎಷ್ಟು ಹೊತ್ತು ಸಿಟ್ಟು ಇಟ್ಟುಕೊಳ್ಳಲಿ? ನನ್ನ ಕಣ್ಣು ತುಂಬಿತು. ಅವನು ಸೆರಗಿನ ಅಂಚನ್ನು ಎರಡು ಬೆರಳಿನಲ್ಲಿ ಹಿಡಿದು, "ಸೀರೆ ಚಂದ ಕಾಣತ್," ಎಂದ.

"ಈಗ ಕಂಡ್ತಾ?"

"ಬಂದ್ಕೂಡ್ಲೇ ಕಂಡಿತ್. ಹೇಳುಕೆ ಧೈರ್ಯ ಬಪ್ಪುಕೆ ಹೊತ್ತಾಯ್ತ್."

ಒಳಗೆ ಬಂದಾಗ ದಿನ ಗೊತ್ತಾಗಿತ್ತು. ಕಿಟಕಿಯಿಂದ ನೋಡಿದೆ. ಸಿಟ್ಟಿನಲ್ಲಿ ಎದ್ದು ಹೋದ ಚಂದಯ್ಯ ಮಾವ ಹೊರಗೆ ಕಾರಿನಲ್ಲಿ ಕೂತೇ ಇದ್ದರು, ಬಾಗಿಲ ಕಡೆ ಕಣ್ಣಿಟ್ಟುಕೊಂಡು.

"ಅತ್ತೆ, ಮಾವ ನಿಮ್ಗೆ ಕಾಯ್ತಾ ಇದ್ರ್," ಎಂದೆ.

ಅತ್ತೆ ಇನ್ನೊಂದು ಲೋಟ ಚಾ ಬಗ್ಗಿಸಿಕೊಂಡರು.

"ಚೂರ್ ಕಾಯ್ಲಿ. ರೂಢಿ ಆಯ್ಲಿ."