ಮುದಿ ಪಿಚರ್‌ನ ಬಲಗೈ

"ಓಡಿದ್ರೆ ಸುಟ್ಟುಬಿಡ್ತೀನಿ, ನಿಕಾನೋರ್!"

ಓಡಿದೆ. ಮತ್ತೇನು ಮಾಡಲಿ?

ಮಟಮಟ ಮಧ್ಯಾಹ್ನ. ಕಬ್ಬಿನ ಗದ್ದೆ. ಗರಿಗಳು ಮುಖ ಕೊಯ್ಯುತ್ತಿದ್ದವು. ಹಿಂದೆ ಕ್ವಿರಿನೋನ ಬೂಟಿನ ಸದ್ದು... ಹತ್ತಿರ... ಇನ್ನೂ ಹತ್ತಿರ! ವರ್ಷಗಟ್ಟಲೆ ಬೇಸ್‌ಬಾಲ್ ತಂಡಗಳಿಗೆ ಆಟಗಾರರ ಗುಟ್ಟು ಕೆದಕಿಕೊಟ್ಟವನು ನಾನು. ಬೆದರಿಕೆ ಹೊಸದಲ್ಲ. ಪಿಸ್ತೂಲು ಹೊಸದು. ಭಯಕ್ಕೆ ನನ್ನ ನಾಲಿಗೆ ಒಣಗಿಹೋಗಿತ್ತು ಸ್ವಾಮಿ, ಸುಳ್ಳೇಕೆ ಹೇಳಲಿ.

ಕಾಲು ತೊಡರಿತು. ಬಿದ್ದೆ!

ತಣ್ಣನೆಯ ನಳಿಕೆ ಕುತ್ತಿಗೆಗೆ ತಗುಲಿತು.

"ಏನು ನೋಡ್ದೆ? ಬೊಗಳು!"

"ಏನೂ ಇಲ್ಲ ಮಾರಾಯ..."

"ಯಾರಿಗೆ ಕಿವಿ ಮೇಲೆ ಹೂ ಇಡ್ತೀಯಾ? ಅಂಗಡಿ ಮುಂದೆ ವಾಸ್ಕರ್ ಡಾಮಿನೋ ಆಡ್ತಿದ್ದಾಗ ಅವನ ಕೈನೇ ನುಂಗೋ ಹಾಗೆ ನೋಡ್ತಿದ್ದೆ!"

ಹೌದು, ನೋಡಿದ್ದೆ. ಹಾಗೆ ಬಾಯಿಬಿಟ್ಟುಕೊಂಡು ನೋಡಬಾರದಿತ್ತು.

ವಾಸ್ಕರ್ ಒಂದು ಕಾಲದ ಮಹಾ ಪಿಚರ್, ಬ್ಯಾಟಿನವನಿಗೆ ಚೆಂಡೆಸೆಯುವವನು. ಈಗ ಮೂವತ್ತೊಂಬತ್ತು. ಕ್ವಿರಿನೋ ಅವನ ಏಜೆಂಟ್. ನಮ್ಮ ತಂಡದ ಒಡತಿ ದೋನ್ಯಾ ಮಿರೇಯಾ ಅವನ ಮೇಲೆ ಅರ್ಧ ಖಜಾನೆ ಸುರಿಯಲು ಹೊರಟಿದ್ದಳು. ತೋಳಿನಲ್ಲಿ ಇನ್ನೂ ದಮ್ಮಿದೆಯೇ ನೋಡಿಕೊಂಡು ಬಾ ಎಂದು ನನ್ನನ್ನು ಅಟ್ಟಿದ್ದಳು. ಬೆಳಿಗ್ಗೆ ಮೈದಾನದಲ್ಲಿ ಅವನು ಚೆನ್ನಾಗಿಯೇ ಎಸೆದ. ನೋವು ಮರೆಸುವ ಸೂಜಿ ಚುಚ್ಚಿಸಿಕೊಂಡರೆ ಯಾರು ಬೇಕಾದರೂ ಎಸೆಯಬಹುದು.

ಆದರೆ ಡಾಮಿನೋ?

ನಮ್ಮ ಮಕೊರಿಸ್ ಊರಿನಲ್ಲಿ ಡಾಮಿನೋ ಕಾಯಿಯನ್ನು ಯಾರೂ ಮೆಲ್ಲಗೆ ಇಡುವುದಿಲ್ಲ. ಮೇಜು ಅದುರುವಂತೆ ಕುಟ್ಟುತ್ತಾರೆ. ಗೆಲ್ಲುವ ಕಾಯಿಯಾದರಂತೂ ಅಜ್ಜಿಯರೂ ಎದ್ದು ನಿಂತು ಕುಟ್ಟುತ್ತಾರೆ! ವಾಸ್ಕರ್ ಗೆಲ್ಲುವ ಕಾಯಿಯನ್ನು ಬೆರಳ ತುದಿಯಲ್ಲಿ ಸರಿಸಿದ. ಸರಿಸಿ ತುಟಿ ಕಚ್ಚಿದ. ಆ ತೋಳಿನ ಕತೆ ಮುಗಿದಿತ್ತು.

ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ದೋನ್ಯಾ!

"ಎತ್ತು," ಕ್ವಿರಿನೋ ಏದುಸಿರು ಬಿಡುತ್ತಾ ಪಿಸುಗುಟ್ಟಿದ. "ಕೈ ಕಬ್ಬಿಣದ ಹಾಗಿದೆ ಅನ್ನು. ಇಲ್ಲಾಂದ್ರೆ ಇಲ್ಲೇ ಗೊಬ್ಬರ ಆಗ್ತೀಯಾ."

ಫೋನೆತ್ತಿ ಕಿವಿಗಿಟ್ಟೆ. ಲೆಕ್ಕ ಹಾಕಿದೆ. ನಿಜ ಒಮ್ಮೆ ಹೊರಬಿದ್ದರೆ ನನ್ನನ್ನು ಕೊಂದು ಇವನಿಗೇನು ಲಾಭ?

"ಬೇಡಿ ದೋನ್ಯಾ!" ಕಿರುಚಿದೆ. "ಅವನ ತೋಳು ಸತ್ತಿದೆ! ಒಂದು ಕಾಸೂ ಹಾಕ್ಬೇಡಿ!"

ಕ್ವಿರಿನೋ ಬಗ್ಗಿ ಫೋನಿಗೆ ಕಿವಿ ಹಚ್ಚಿದ. ಆ ಕಡೆಯಿಂದ ನಿಟ್ಟುಸಿರು.

"ಅಯ್ಯೋ ದಡ್ಡ... ನಾನು ಅವನನ್ನ ಕೊಳ್ತಿರೋದು ಆಡ್ಸೋಕಲ್ಲ ಕಣೋ. ತಂಡನೇ ಮಾರ್ತಿದ್ದೀನಿ. ವಾಸ್ಕರ್ ಹೆಸರಿದ್ರೆ ರೇಟು ಎರಡರಷ್ಟು! ಅವನ ಗುಟ್ಟು ಯಾರ ಕಣ್ಣಿಗಾದ್ರೂ ಬೀಳುತ್ತಾ ಅಂತ ನೋಡೋಕೇ ನಿನ್ನ ಕಳ್ಸಿದ್ದು. ತೋಳಿನ ವಿಷಯ ಇನ್ಯಾರಿಗೆ ಗೊತ್ತು?"

"ನನಗೊಬ್ಬನಿಗೇ..." ಎಂದೆ.

ಅಂದಮೇಲೆ ಹೊಳೆಯಿತು. ಈಗ ನಾನು ಸತ್ತರೆ ಇಬ್ಬರಿಗೂ ಲಾಭ!

"ಹಿಂದೆ ಏದುಸಿರು ಬಿಡ್ತಿರೋದು ಕ್ವಿರಿನೋನಾ?" ದೋನ್ಯಾಳ ದನಿ ಬೆಣ್ಣೆಯಾಗಿತ್ತು. "ಫೋನು ಅವನಿಗೆ ಕೊಡಪ್ಪ."

ಕ್ವಿರಿನೋ ಹಲ್ಲು ಕಿಸಿದು ಕೈ ಚಾಚಿದ. ಪಿಸ್ತೂಲು ಒಂದಿಷ್ಟು ಪಕ್ಕಕ್ಕೆ ಸರಿಯಿತು...

ಇದ್ದ ಬಲವನ್ನೆಲ್ಲ ತೋಳಿಗೆ ತಂದು ಫೋನನ್ನು ಅವನ ಮೂಗಿಗೇ ಬೀಸಿ ಎಸೆದೆ!

ಮೂಳೆ ಮುರಿದ ಸದ್ದು. ಗುಂಡು ಆಕಾಶಕ್ಕೆ ಹಾರಿತು. ನಾನು ಹೆದ್ದಾರಿ ಸಿಗುವವರೆಗೂ ಓಡಿದೆ. ಸಿಕ್ಕ ಮೇಲೂ ಓಡಿದೆ.

ದೋನ್ಯಾ ವಾಸ್ಕರ್‌ನನ್ನು ಕೊಂಡಳು, ತಂಡವನ್ನು ಮಾರಿದಳು. ಆ ವರ್ಷ ಆ ತಂಡದವರು ಎಸೆದ ಒಂದೇ ಒಂದು ನೆಟ್ಟಗಿನ ಚೆಂಡೆಂದರೆ... ನನ್ನ ಫೋನು!