ಅರವತ್ಮೂರನೇ ಪುಟ

ಬೀಳಗಿಯ ನಮ್ಮ ಮನೆಗೆ ಹಳೇ ಗಲಗಲಿಯಿಂದ ಬಂದದ್ದು ಮುಂಬಾಗಿಲು ಒಂದೇ. ಆಣೆಕಟ್ಟಿನ ಹಿನ್ನೀರು ಬರುವ ಮೊದಲು, ಎಲ್ಲರಂತೆ ಅಪ್ಪನೂ ಅದನ್ನು ಚೌಕಟ್ಟಿನ ಸಮೇತ ಕಿತ್ತು ತಂದಿದ್ದ.

೨೦೧೨ರ ಮೇ, ಮಟಮಟ ಮಧ್ಯಾಹ್ನ. ನನ್ನ ಪ್ರಬಂಧಕ್ಕೆ ಮುಳುಗಡೆಯ ಹಳೇ ವರದಿಯೊಂದು ಬೇಕಿತ್ತು. ಮನೆಯಲ್ಲಿ ಕೂತು ವಿಶ್ವವಿದ್ಯಾಲಯದ ಗ್ರಂಥಾಲಯದ್ದು ಓದಬೇಕೆಂದರೆ ಅವರ ಪ್ರಾಕ್ಸಿ ಸರ್ವರ್ ಮೂಲಕವೇ ಹೋಗಬೇಕು. ಎಂಟು ಸಲ ಪಾಸ್‌ವರ್ಡ್ ಬದಲಿಸಿದರೂ ಮೂರು ದಿನದಿಂದ ಒಂದೇ ಉತ್ತರ: ‘ನಿಮ್ಮ ಖಾತೆ ಈಗಾಗಲೇ ಬಳಕೆಯಲ್ಲಿದೆ.’ ತಲೆ ಕೆಟ್ಟು ಗ್ರಂಥಾಲಯದ ದುಂಡೇಶ ಅವರಿಗೆ ಫೋನ್ ಹಚ್ಚಿದೆ.

“ಅನುರಾಧಾ ಮೇಡಮ್, ನೀವು ಒಳಗ ಅದೀರಲ್ರೀ! ಮೂರು ದಿನದಿಂದ ಆ ವರದಿದು ಅರವತ್ಮೂರನೇ ಪುಟಾನ ಓದಾಕತ್ತೀರಿ.”

“ನನ್ನ ಕರ್ಮ! ನಾ ಹೊರಗ ಕುಂತು ಒದ್ದಾಡಾಕತ್ತೇನ್ರೀ. ಯಾರರ ಇರಲಿ, ಮೊದಲ ಅವರ್ನ ಹೊರಗ ಹಾಕ್ರಿ!”

ಹಾಕಿದರು. ಆ ಕ್ಷಣವೇ ನಮ್ಮ ಮುಂಬಾಗಿಲಿನ ಚಿಲಕ ತಾನಾಗಿ ಬಿದ್ದ ಸಪ್ಪಳವಾಯಿತು. ಹೊರಗೆ ಬೆಂಕಿಯಂಥ ಬಿಸಿಲು. ಬಾಗಿಲು ಮಾತ್ರ ತಣ್ಣಗೆ ಕೊರೆಯುತ್ತಿತ್ತು, ಬುಡದಿಂದ ರಾಡಿನೀರು ಜಿನುಗುತ್ತಿತ್ತು.

ವರದಿ ತೆರೆಯಿತು. ಅರವತ್ಮೂರನೇ ಪುಟದಲ್ಲಿ ಮುಳುಗಿದ ಮನೆಗಳ ಪಟ್ಟಿ. ಅಪ್ಪನ ಹೆಸರಿನ ಮುಂದೆ, ನೀರು ನುಗ್ಗಿದ ದಿನ ಕಂಡದ್ದನ್ನು ಅಧಿಕಾರಿ ಬರೆದಿದ್ದ: ‘ಬಾಗಿಲು ಇದೆ. ಒಳಗಿನಿಂದ ಚಿಲಕ ಹಾಕಿದೆ.’